ಬಾಟಲಿ ಹಿಡಿದು ನಿಂತವಳು

ಹೋದ ಕಾರ್ತೀಕದಲ್ಲಿ ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಅಂಕೋಲೆಯಲ್ಲಿ ನನ್ನ ಜೊತೆ ನರ್ಸಿಂಗ್ ಓದಿದ ಗೆಳತಿಯ ಹೊಸ ಮನೆಯ ಒಕ್ಕಲು ಇತ್ತು. ಯಲ್ಲಾಪುರ ನಿಲ್ದಾಣದಲ್ಲಿ ಬಸ್ಸು ನಿಂತಾಗ ನಡುವಯಸ್ಸಿನ ಹೆಂಗಸೊಬ್ಬಳು ಹತ್ತಿ, ಜಾಗ ಸಿಗದೆ ನನ್ನ ಸೀಟಿಗೆ ಒರಗಿ ನಿಂತಳು. ಗದ್ದೆಯಿಂದ ನೇರ ಬಂದಿದ್ದಳೇನೋ, ತುರುಬಿನಲ್ಲಿ, ಸೆರಗಿನ ಮಡಿಕೆಯಲ್ಲಿ ಭತ್ತದ ಹುಲ್ಲಿನ ಚೂರುಗಳಿದ್ದವು. ಆಗಷ್ಟೇ ಕೊಯ್ದ ಹುಲ್ಲಿನ ಹಸಿ ವಾಸನೆ. ಅದೇ ಹೊತ್ತಿಗೆ ಕಿಟಕಿಯ ಪಕ್ಕದ ಹುಡುಗಿ ಚೀಲದಿಂದ ಸಣ್ಣ ಬಾಟಲಿ ತೆಗೆದು ಕೈಗೆ ಸ್ಪಿರಿಟ್ ಉಜ್ಜಿಕೊಂಡಳು. ಎರಡೂ ವಾಸನೆ ಒಟ್ಟಿಗೆ ಮೂಗಿಗೆ ಬಂದವು. ನನ್ನ ಬಲಗೈ ತಾನಾಗಿ ಎದ್ದು ಆ ಹೆಂಗಸಿನ ಮಣಿಕಟ್ಟಿನ ಕಡೆ ಹೋಗಿಬಿಟ್ಟಿತ್ತು. ಅವಳು ನನಗೆ ಒರಗಿದ್ದು ತೊಂದರೆಯಾಯಿತೆಂದು ತಿಳಿದು ಒಂದು ಹೆಜ್ಜೆ ಹಿಂದೆ ಸರಿದಳು. ನಾನು ಎದ್ದು ಸೀಟು ಬಿಟ್ಟುಕೊಟ್ಟೆ. ಅಂಕೋಲೆಯವರೆಗೂ ನಿಂತೇ ಹೋದೆ.

ಹನ್ನೊಂದು ವರ್ಷದ ಹಿಂದಿನ ಮಾತು. ಯಲ್ಲಾಪುರದ ಪೇಟೆಯಂಚಿನಲ್ಲಿ ಆಗ ಇಪ್ಪತ್ತು ಹಾಸಿಗೆಯ ಒಂದು ಸಣ್ಣ ಆಸ್ಪತ್ರೆಯಿತ್ತು. ಈಗ ಅದು ಇಲ್ಲ, ಹೆಸರೂ ಬೇಡ. ಸಿದ್ದಾಪುರದ ಹತ್ತಿರದ ಹಳ್ಳಿಯವಳಾದ ನಾನು ಓದು ಮುಗಿಸಿ ಎರಡು ವರ್ಷ ಸಿರಸಿಯಲ್ಲಿ ವಾರ್ಡಿನ ಕೆಲಸ ಮಾಡಿ, ಆ ವರ್ಷ ಮಳೆಗಾಲ ಕಳೆದ ಮೇಲೆ ಅಲ್ಲಿಯ ತುರ್ತು ವಿಭಾಗಕ್ಕೆ ಸೇರಿದೆ. ತುರ್ತು ವಿಭಾಗ ಎಂದರೆ ಒಂದು ಉದ್ದನೆಯ ಕೋಣೆ, ಮೂರು ಮಂಚ, ಆಮ್ಲಜನಕದ ಎರಡು ಸಿಲಿಂಡರು, ಸಲೈನ್ ತೂಗುಹಾಕುವ ನಾಲ್ಕು ಕಬ್ಬಿಣದ ಸ್ಟ್ಯಾಂಡು. ಎದುರಿಗೇ ಹೆದ್ದಾರಿ. ಲಾರಿಗಳು ಏರಿನಲ್ಲಿ ಗೇರು ಬದಲಿಸಿದಾಗಲೆಲ್ಲ ಕಪಾಟಿನ ಗಾಜಿನ ಸೀಸೆಗಳು ಸಣ್ಣಗೆ ಕಿಣಿಗುಡುತ್ತಿದ್ದವು.

ಅಲ್ಲಿ ನನಗೆ ಕೆಲಸ ಕಲಿಸಿದವರು ರೋಜಿ ಸಿಸ್ಟರ್. ಹೊನ್ನಾವರದ ಕಡೆಯವರು, ಐವತ್ತು ದಾಟಿದವರು, ದಪ್ಪ ಕನ್ನಡಕ. ಮಾತು ಕಡಿಮೆ. ರೋಗಿ ಬಾಗಿಲು ದಾಟಿ ಮಂಚಕ್ಕೆ ಬರುವಷ್ಟರಲ್ಲೇ ಅರ್ಧ ಪರೀಕ್ಷೆ ಮುಗಿದಿರಬೇಕು ಎನ್ನುವುದು ಅವರ ಪಾಠ. ಹೇಗೆ ನಡೆಯುತ್ತಾನೆ, ಮುಖದ ಬಣ್ಣ ಏನು, ಒಂದು ಉಸಿರಿಗೆ ಎಷ್ಟು ಮಾತಾಡುತ್ತಾನೆ, ಬೆವರು ಬಿಸಿಯೋ ತಣ್ಣಗೋ. ಮೊದಲು ಕಣ್ಣು, ಆಮೇಲೆ ಕೈ, ಕೊನೆಗೆ ಮಷಿನ್ನು. ಉಗುರು ಒತ್ತಿ ಬಿಟ್ಟರೆ ಎರಡು ಎಣಿಸುವುದರೊಳಗೆ ಕೆಂಪು ಮರಳಬೇಕು, ಮರಳದಿದ್ದರೆ ಬೇರೆಲ್ಲ ಬಿಟ್ಟು ಅವನ ಹತ್ತಿರ ನಿಲ್ಲು ಎನ್ನುತ್ತಿದ್ದರು.

ನಾನು ಸೇರಿದ ಮೊದಲ ವಾರ ಒಬ್ಬ ಲಾರಿ ಡ್ರೈವರನ್ನು ಹೋಟೆಲಿನವರು ಎತ್ತಿಕೊಂಡು ಬಂದರು. ಏನೇನೋ ಬಡಬಡಿಸುತ್ತಿದ್ದ, ಹಿಡಿಯಲು ಹೋದವರನ್ನು ಒದೆಯುತ್ತಿದ್ದ. ಬೆಳಿಗ್ಗೆಯೇ ಕುಡಿದಿದ್ದಾನೆ ಎಂದು ಕರೆತಂದವರೂ ಹೇಳಿದರು, ನನಗೂ ಹಾಗೇ ಕಂಡಿತು. ರೋಜಿ ಸಿಸ್ಟರ್ ಅವನ ಬಾಯಿಯ ಹತ್ತಿರ ಮುಖ ಒಯ್ದು ಮೂಸಿದರು, ಹಣೆ ಮುಟ್ಟಿದರು, ಬೆರಳು ಚುಚ್ಚಿ ಸಕ್ಕರೆ ನೋಡಿದರು. ಅದು ತೀರ ಕೆಳಗಿಳಿದಿತ್ತು. ನರಕ್ಕೆ ಗ್ಲುಕೋಸ್ ಹೋದ ಐದು ನಿಮಿಷಕ್ಕೆ ಆ ಮನುಷ್ಯ ಎದ್ದು ಕೂತು, ಇದು ಯಾವ ಊರು ಎಂದು ಹಿಂದಿಯಲ್ಲಿ ಕೇಳಿದ. ನಾನು ಬಾಯಿಬಿಟ್ಟುಕೊಂಡು ನಿಂತಿದ್ದೆ. ರೋಜಿ ಸಿಸ್ಟರ್ ಕೈ ತೊಳೆದುಕೊಳ್ಳುತ್ತ, ಬೇರೆಯವರು ಹೇಳಿದ್ದನ್ನು ಕೇಳು, ಆದರೆ ಅದನ್ನೇ ನೋಡಬೇಡ ಎಂದರು.

ಅವರ ಇನ್ನೊಂದು ಮಾತನ್ನು ನಾನು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೆ. "ಕೂಗೋರ ಹತ್ರ ಓಡ್ಬೇಡ. ಕೂಗ್ತಾರೆ ಅಂದ್ರೆ ಉಸಿರಿದೆ. ಮೂಲೇಲಿ ಸುಮ್ನೆ ಮಲಗಿದಾರಲ್ಲ, ಅವ್ರ ಹತ್ರ ಮೊದ್ಲು ಹೋಗು."

ದಸರೆಯ ಹೊತ್ತಿಗೆ ಎರಡು ಬೈಕು ಡಿಕ್ಕಿಯಾಗಿ ಇಬ್ಬರು ಬಂದಾಗ ನಾನು ಆ ಮಾತನ್ನೇ ಹಿಡಿದೆ. ಒಬ್ಬ ಕೈ ಮುರಿದು ಗೋಳಾಡುತ್ತಿದ್ದ. ಇನ್ನೊಬ್ಬ ನಿದ್ದೆ ಬಂದವನ ಹಾಗೆ ಮಲಗಿದ್ದ. ನಾನು ಮಲಗಿದವನ ರೆಪ್ಪೆ ಎತ್ತಿ ಟಾರ್ಚು ಬಿಟ್ಟೆ. ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿತ್ತು. ಡಾಕ್ಟರನ್ನು ಕೂಗಿದೆ. ಹತ್ತು ನಿಮಿಷದಲ್ಲಿ ಅವನನ್ನು ಹುಬ್ಬಳ್ಳಿಗೆ ಸಾಗಿಸಿದೆವು, ತಲೆಯ ಆಪರೇಷನ್ ಆಗಿ ಬದುಕಿದ. ಡಾಕ್ಟರು ಎಲ್ಲರೆದುರು ನನ್ನ ಹೆಸರು ಹೇಳಿದರು. ಅವರು ವಿಜಯಪುರದ ಕಡೆಯ ಯುವಕರು, ಹೊಗಳುವುದರಲ್ಲಿ ಕೈ ಬಿಗಿ. ನನಗೆ ಸ್ವಲ್ಪ ಜಂಬ ಬಂತು. ಕಣ್ಣು ಪಳಗಿದೆ ಎಂದುಕೊಂಡೆ.

ದೀಪಾವಳಿ ಕಳೆದ ಮೇಲೆ ಚಳಿ ಬಿತ್ತು. ಬೆಳಿಗ್ಗೆ ಒಂಬತ್ತರವರೆಗೂ ಮಂಜು. ಸುತ್ತಲ ಹಳ್ಳಿಗಳಲ್ಲಿ ಭತ್ತದ ಕೊಯ್ಲು ಶುರುವಾಗಿತ್ತು. ಆ ದಿನಗಳಲ್ಲಿ ನಮ್ಮಲ್ಲಿಗೆ ಬರುವವರೂ ಗದ್ದೆಯವರೇ. ಕತ್ತಿ ತಾಗಿದ ಬೆರಳು, ಹುಲ್ಲಿನೊಳಗೆ ಕಚ್ಚಿದ ಹಾವು, ಹೊರೆ ಹೊತ್ತು ಉಳುಕಿದ ಸೊಂಟ. ಕೋಣೆಯ ತುಂಬ ಹಸಿ ಹುಲ್ಲಿನ ವಾಸನೆ. ಸ್ಪಿರಿಟ್ಟು ಎಷ್ಟು ಸುರಿದು ಒರೆಸಿದರೂ ಅದು ಹೋಗುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಸ್ವಲ್ಪ ಮೊದಲು ಒಂದು ಜೀಪು, ಅದರ ಹಿಂದೆಯೇ ಒಂದು ಗೂಡ್ಸ್ ಟೆಂಪೋ ಬಂದು ನಿಂತವು. ನಂದೊಳ್ಳಿಯ ಒಂಬತ್ತು ಹೆಂಗಸರು ಮುಯ್ಯಾಳಿಗೆ ಹೊರಟಿದ್ದರು. ಇವತ್ತು ಅವರ ಗದ್ದೆಗೆ ಇವರು, ನಾಳೆ ಇವರ ಗದ್ದೆಗೆ ಅವರು ಎಂದು ಕೂಲಿಯಿಲ್ಲದೆ ಒಬ್ಬರಿಗೊಬ್ಬರು ದುಡಿಯುವ ಪದ್ಧತಿ ಅದು. ಮಂಜಿನಲ್ಲಿ ತಿರುವಿಗೆ ಅಡ್ಡ ಬಂದ ದನವನ್ನು ತಪ್ಪಿಸಲು ಹೋಗಿ ಅವರ ಗಾಡಿ ಕಾಡಿನ ಬದಿಗೆ ಮಗುಚಿತ್ತು. ದಾರಿಯಲ್ಲಿ ಹೋಗುತ್ತಿದ್ದವರು ಎತ್ತಿ ಹಾಕಿಕೊಂಡು ಬಂದಿದ್ದರು.

ಒಂದೇ ಸಲಕ್ಕೆ ಒಂಬತ್ತು ಜನ. ಮೂರು ಮಂಚ, ಒಬ್ಬ ಡಾಕ್ಟರು, ರೋಜಿ ಸಿಸ್ಟರ್, ನಾನು, ಒಬ್ಬಳು ಆಯಾ. ಯಾರನ್ನು ಮೊದಲು ನೋಡಬೇಕು ಎಂದು ಬೇರ್ಪಡಿಸುವ ಕೆಲಸವನ್ನು ಡಾಕ್ಟರು ನನಗೆ ಕೊಟ್ಟರು. ನಾನು ಬಾಗಿಲಲ್ಲಿ ನಿಂತೆ.

ಜೀಪಿನಿಂದ ಕೊನೆಗೆ ಇಳಿದವಳು ನಾಗವೇಣಿ. ಮೂವತ್ತೈದರ ಆಸುಪಾಸು, ಎಣ್ಣೆಗಪ್ಪು ಬಣ್ಣ, ಗಟ್ಟಿ ಮೈಕಟ್ಟು. ಸೀರೆಯನ್ನು ಮೇಲೆತ್ತಿ ಕಟ್ಟಿ, ತಲೆಗೆ ಟವೆಲು ಸುತ್ತಿದ್ದಳು. ಬೇರೆಯವರನ್ನೆಲ್ಲ ಕೈ ಹಿಡಿದು ಇಳಿಸಿದ ಮೇಲೆ ತಾನೇ ಇಳಿದಳು. ನಾನು ಕೇಳುವ ಮೊದಲೇ ಲೆಕ್ಕ ಒಪ್ಪಿಸಿದಳು.

"ನಾವು ಒಂಬತ್ತು ಜನ, ಸಿಸ್ಟರ್. ಎಂಟು ಜನಕ್ಕೆ ಪೆಟ್ಟಾಗಿದೆ. ನಾ ಅರಾಮಿದ್ದೆ."

ಅವರ ಮಾತಿನಲ್ಲಿ 'ಅರಾಮಿದ್ದೆ' ಎಂದರೆ 'ಚೆನ್ನಾಗಿದ್ದೇನೆ' ಎಂದರ್ಥ. ನಾನೂ ಈ ಸೀಮೆಯವಳೇ, ಹಾಗೇ ಕೇಳಿಸಿಕೊಂಡೆ.

ಅವಳು ನನ್ನ ಜೊತೆ ಜೊತೆಗೇ ಬಂದು ಒಬ್ಬೊಬ್ಬರ ಹೆಸರು, ವಯಸ್ಸು ಹೇಳಿದಳು. ದೇವಕ್ಕನಿಗೆ ಬೀಪಿ ಇದೆ, ಮಾತ್ರೆ ನುಂಗಿ ಬಂದಿದ್ದಾಳೆ ಎಂದಳು. ಕೆಂಪು ಸೀರೆಯವಳು ಮೂರು ತಿಂಗಳ ಬಸುರಿ, ಯಾರಿಗೂ ಹೇಳಿಲ್ಲ, ನಿಮಗೆ ಗೊತ್ತಿರಲಿ ಎಂದು ಕಿವಿಯಲ್ಲಿ ಉಸುರಿದಳು. ಅವಳಿಲ್ಲದಿದ್ದರೆ ಅಷ್ಟು ವಿವರ ತೆಗೆಯಲು ನನಗೆ ಅರ್ಧ ಗಂಟೆ ಬೇಕಿತ್ತು. ನಾನು ಅಂಟುಪಟ್ಟಿ ಹರಿದು, ಮೇಲೆ ಪೆನ್ನಿನಲ್ಲಿ ಬರೆದು, ಒಬ್ಬೊಬ್ಬರ ತೋಳಿಗೆ ಹಚ್ಚುತ್ತ ಹೋದೆ. ಹೆಸರು, ನಾಡಿ, ಬೀಪಿ, ಮೊದಲು ನೋಡಬೇಕೋ ಆಮೇಲೋ. ಎಂಟು ಪಟ್ಟಿ ಹಚ್ಚಿದೆ. ಒಂಬತ್ತನೆಯದನ್ನು ಹರಿಯಲಿಲ್ಲ.

ತುಳಸಿ ಎಂಬ ಹುಡುಗಿ ತೊಡೆಯ ಮೂಳೆ ಮುರಿದು ಗಂಟಲು ಹರಿಯುವಂತೆ ಕಿರುಚುತ್ತಿದ್ದಳು. ಮದುವೆಯಾಗಿ ಆ ಊರಿಗೆ ಬಂದು ಮೂರೇ ತಿಂಗಳು. ಪಕ್ಕದ ಮನೆಯ ನಾಗವೇಣಿಯೇ ಅವಳನ್ನು ಮೊದಲ ಬಾರಿ ಮುಯ್ಯಾಳಿಗೆ ಕರೆದುಕೊಂಡು ಹೊರಟಿದ್ದಳು. ಮುದುಕಿ ದೇವಕ್ಕ ಮಾತ್ರ ಬೆಂಚಿನ ತುದಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ನಾನು ತುಳಸಿಯನ್ನು ದಾಟಿ ದೇವಕ್ಕನ ಹತ್ತಿರ ಹೋದೆ. ತುಟಿ ನೀಲಿಗಟ್ಟುತ್ತಿತ್ತು, ಎದೆಯ ಒಂದು ಪಕ್ಕ ಮಾತ್ರ ಏಳುತ್ತಿತ್ತು. ಪಕ್ಕೆಲುಬು ಮುರಿದು ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಂಡಿತ್ತು. ಡಾಕ್ಟರು ಸೂಜಿ ಹಾಕಿ ಗಾಳಿ ಹೊರಗೆ ಬಿಟ್ಟರು, ರೋಜಿ ಸಿಸ್ಟರ್ ಆಮ್ಲಜನಕ ಹಚ್ಚಿ ಅವಳ ಪಕ್ಕದಲ್ಲೇ ನಿಂತರು. ಮುದುಕಿ ಉಳಿದಳು. ಆಗಲೂ ನನ್ನೊಳಗೆ ಒಂದು ಸಣ್ಣ ಹೆಮ್ಮೆ ಎದ್ದದ್ದನ್ನು ನಾನು ಮುಚ್ಚಿಡಲಾರೆ.

ಆಮೇಲೆ ತುಳಸಿ. ಕಾಲಿಗೆ ಹಲಗೆ ಕಟ್ಟಿ, ನೋವಿನ ಇಂಜೆಕ್ಷನ್ ಕೊಟ್ಟು, ಸಲೈನ್ ಹಚ್ಚಿದೆ. ನಾಲ್ಕು ಸ್ಟ್ಯಾಂಡೂ ಮುಗಿದಿದ್ದವು. ಸುತ್ತ ನೋಡಿದೆ. ನಾಗವೇಣಿ ಪಕ್ಕದಲ್ಲೇ ಇದ್ದಳು. ಬಾಟಲಿಯನ್ನು ಅವಳ ಕೈಗೆ ಕೊಟ್ಟು, ಹೀಗೆ ಎತ್ತಿ ಹಿಡಿದಿರಿ, ಕೆಳಗೆ ಬಿಡಬೇಡಿ ಎಂದೆ. ಅವಳು ತಲೆಯಾಡಿಸಿ ಗೋಡೆಗೆ ಬೆನ್ನು ಕೊಟ್ಟು ನಿಂತಳು.

ನಲವತ್ತು ನಿಮಿಷ ಅವಳು ಹಾಗೆ ನಿಂತಿದ್ದಳು. ನಾನು ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿದ್ದೆ. ತಲೆ ಒಡೆದವರಿಗೆ ಹೊಲಿಗೆ ಹಾಕಲು ಡಾಕ್ಟರಿಗೆ ಸಾಮಾನು ಜೋಡಿಸುವುದು, ಬೀಪಿ ಮತ್ತೆ ಮತ್ತೆ ನೋಡುವುದು, ಹುಬ್ಬಳ್ಳಿಗೆ ಫೋನು ಮಾಡುವುದು. ಹಾದು ಹೋಗುವಾಗಲೆಲ್ಲ ಅವಳ ದನಿ ಕಿವಿಗೆ ಬೀಳುತ್ತಿತ್ತು. ತುಳಸಿಯ ಜೊತೆ ಒಂದೇ ಸಮ ಮಾತಾಡುತ್ತಿದ್ದಳು. ಒಮ್ಮೆ, ಜೋರಾಗಿ ಕೂಗು ಮಾರಾಯ್ತಿ, ಇವತ್ತು ನಿನ್ನ ಅತ್ತೆಯೂ ಬೈಯುವ ಹಾಗಿಲ್ಲ ಎಂದು ಹೇಳಿ ಆ ಹುಡುಗಿಯನ್ನು ಅಳುವಿನ ನಡುವೆ ನಗಿಸಿದ್ದು ನೆನಪಿದೆ. ಇವಳೊಬ್ಬಳು ಇದ್ದಾಳಲ್ಲ, ಆ ಕಡೆ ನೋಡುವುದೇ ಬೇಡ ಎಂದು ನನಗೆ ನಿರಾಳವಾಗಿತ್ತು.

ಒಂದು ಲೋಟ ನೀರು ಸಿಗಬಹುದಾ ಎಂದು ಕೇಳಿದಳು. ತರುತ್ತೇನೆ ಎಂದು ಹೋದವಳು ಮರೆತೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದಳು. ಹೊರಗಿನ ಓಣಿಯಲ್ಲಿ ಫಿಲ್ಟರ್ ಇದೆ ಎಂದು ಕೈ ತೋರಿಸಿದೆ. ಬಾಟಲಿ ಹಿಡಿದವಳು ಅಲ್ಲಿಗೆ ಹೇಗೆ ಹೋದಾಳು ಎಂದು ಯೋಚಿಸಲಿಲ್ಲ. ಅಷ್ಟು ಚಳಿಯ ಬೆಳಿಗ್ಗೆ ಅವಳಿಗೆ ಅಷ್ಟು ಬಾಯಾರಿಕೆ ಏಕೆ ಎಂದೂ ಯೋಚಿಸಲಿಲ್ಲ.

ಮೂರನೆಯ ಸಲ ನಾನು ಎದುರಿಗೆ ಬಂದಾಗ ಅವಳು ಹೇಳಿದ್ದು ಬೇರೆ.

"ಸಿಸ್ಟರ್, ಎಡ ಭುಜ ಭಾರೀ ಜಗೀತದೆ."

"ಎತ್ತಿ ಹಿಡಿದು ಹಿಡಿದು ನೋವು ಬಂದಿರ್ತದೆ. ಕೈ ಬದಲಾಯಿಸಿ ಹಿಡೀರಿ," ಎಂದೆ.

ಅವಳು ಕೈ ಬದಲಾಯಿಸಿದಳು. ಆಗ ನಾನು ನೋಡಿದ್ದು ಬಾಟಲಿಯನ್ನು. ಹನಿ ಸರಿಯಾಗಿ ಬೀಳುತ್ತಿತ್ತು. ಅವಳು ಅದುವರೆಗೆ ಬಾಟಲಿ ಹಿಡಿದಿದ್ದದ್ದು ಬಲಗೈಯಲ್ಲಿ.

ಹೊಟ್ಟೆಯ ಎಡಗಡೆ ಮೇಲೆ, ಪಕ್ಕೆಲುಬಿನ ಮರೆಯಲ್ಲಿ ಗುಲ್ಮ ಎಂಬ ಅಂಗವಿದೆ. ಅದು ಒಡೆದು ಒಳಗೇ ರಕ್ತ ಸುರಿದಾಗ ಹೊಟ್ಟೆಯ ನೋವಿಗಿಂತ ಮೊದಲು ಕೆಲವರಿಗೆ ಎಡ ಭುಜದ ತುದಿ ನೋಯುತ್ತದೆ. ಎರಡನೆಯ ವರ್ಷದ ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಿತ್ತು. ನಾನು ಪೂರ್ತಿ ಅಂಕ ತೆಗೆದುಕೊಂಡಿದ್ದೆ.

ತುಳಸಿಯನ್ನು ಹುಬ್ಬಳ್ಳಿಗೆ ಒಯ್ಯಲು ಆಂಬುಲೆನ್ಸ್ ಬಂದು ನಿಂತಿತು. ಸ್ಟ್ರೆಚರಿಗೆ ಎತ್ತಿ ಹಾಕಲು ನಾನು ಹೋದಾಗ ನಾಗವೇಣಿ ಬಾಟಲಿಯನ್ನು ನನ್ನ ಕಡೆ ಚಾಚಿದಳು. "ಸ್ವಲ್ಪ ಹಿಡ್ಕಳಿ, ನಂಗೆ ಕಣ್ಣು ಕತ್ಲೆ ಕಟ್ತದೆ," ಎಂದಳು. ನಾನು ಹಿಡಿದುಕೊಂಡೆ. ಅದು ನನ್ನ ಕೈಗೆ ಬಂದದ್ದು ಖಾತ್ರಿಯಾದ ಮೇಲೆ ಅವಳು ಗೋಡೆಗುಂಟ ಮೆಲ್ಲಗೆ ಜಾರಿ ಕೂತಳು. ಆಗ ಮುಟ್ಟಿದೆ ಅವಳನ್ನು. ಕೈ ತಣ್ಣಗೆ, ಒದ್ದೆ. ಉಗುರು ಒತ್ತಿ ಬಿಟ್ಟೆ. ನಾಲ್ಕು ಎಣಿಸಿದರೂ ಬಣ್ಣ ಮರಳಲಿಲ್ಲ. ನಾಡಿ ದಾರದ ಹಾಗೆ, ಎಣಿಸಲಾಗದಷ್ಟು ವೇಗ. ಸೀರೆ ಸರಿಸಿ ನೋಡಿದರೆ ಎಡ ಪಕ್ಕೆಯ ಮೇಲೆ ಅಂಗೈಯಗಲದ ತರಚು, ಹೊಟ್ಟೆ ಹಲಗೆಯಂತೆ ಬಿಗಿದಿತ್ತು.

ಆಮೇಲೆ ಎಲ್ಲವನ್ನೂ ಸರಿಯಾಗಿಯೇ ಮಾಡಿದೆವು. ಎರಡೂ ತೋಳಿಗೆ ದಪ್ಪ ಸೂಜಿ, ಆಮ್ಲಜನಕ, ಮೈ ಬೆಚ್ಚಗಿಡಲು ಕಂಬಳಿ. ಡಾಕ್ಟರು ಹೊಟ್ಟೆ ಮುಟ್ಟಿದ್ದೇ ನನ್ನ ಮುಖ ನೋಡಿದರು. ನಮ್ಮಲ್ಲಿ ರಕ್ತ ಇಡುವ ವ್ಯವಸ್ಥೆ ಇರಲಿಲ್ಲ, ಸರ್ಜನ್ ಬರುವುದು ವಾರಕ್ಕೊಮ್ಮೆ. ತುಳಸಿಯನ್ನು ಅಲ್ಲೇ ಉಳಿಸಿ, ಅವಳಿಗೆಂದು ಬಂದ ಆಂಬುಲೆನ್ಸಿನಲ್ಲಿ ನಾಗವೇಣಿಯನ್ನು ಹಾಕಿಕೊಂಡು ಹೊರಟೆವು. ಜೊತೆಗೆ ಹೋದದ್ದು ನಾನು.

ಕಿರವತ್ತಿ ದಾಟುವವರೆಗೂ ಅವಳಿಗೆ ಎಚ್ಚರವಿತ್ತು. ಒಮ್ಮೆ ಕಣ್ಣು ತೆರೆದು ಪಕ್ಕಕ್ಕೆ ತಿರುಗಿ ನೋಡಿದಳು.

"ತುಳಸಿ ಬರ್ಲಿಲ್ವಾ?"

ಇನ್ನೊಂದು ಗಾಡಿಯಲ್ಲಿ ಬರುತ್ತಾಳೆ ಎಂದೆ.

"ಬಾಟ್ಲಿ ಯಾರು ಹಿಡ್ಕಂಡ್ರು?"

ರೋಜಿ ಸಿಸ್ಟರ್ ಹಿಡಿದುಕೊಂಡಿದ್ದಾರೆ ಎಂದೆ. ಅವಳಿಗೆ ಸಮಾಧಾನವಾದಂತೆ ಕಂಡಿತು. ಮತ್ತೆ ನೀರು ಕೇಳಿದಳು. ಆಪರೇಷನ್ನಿಗೆ ಹೋಗುವವರಿಗೆ ನೀರು ಕೊಡುವಂತಿಲ್ಲ. ಹತ್ತಿಯನ್ನು ನೀರಿನಲ್ಲಿ ಅದ್ದಿ ತುಟಿ ಒದ್ದೆ ಮಾಡಿದೆ. ಕಲಘಟಗಿ ಇನ್ನೂ ಮುಂದಿರುವಾಗಲೇ ನಾಡಿ ಸಿಗದಾಯಿತು. ಹುಬ್ಬಳ್ಳಿ ಮುಟ್ಟುವವರೆಗೂ ನಾನು ಅವಳ ಎದೆ ಒತ್ತುತ್ತಲೇ ಹೋದೆ. ಅಲ್ಲಿಯ ಡಾಕ್ಟರು ಇನ್ನು ಸಾಕು ಎಂದು ನನ್ನ ಕೈ ಹಿಡಿದು ನಿಲ್ಲಿಸಬೇಕಾಯಿತು.

ಮರಳಿ ಬರುವಾಗ ಡ್ರೈವರ್ ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿ ನನ್ನನ್ನೂ ಕರೆದ. ನಾನು ಇಳಿಯಲಿಲ್ಲ. ನನ್ನ ಬಟ್ಟೆ ನೋಡಿಕೊಂಡೆ. ಅದರ ಮೇಲೆ ಒಂದು ಹನಿ ರಕ್ತವಿರಲಿಲ್ಲ, ಅಲ್ಲಲ್ಲಿ ಹುಲ್ಲಿನ ಚೂರು ಅಂಟಿತ್ತು.

ಡಾಕ್ಟರು ಸಂಜೆ ಕರೆಸಿ ನಡೆದದ್ದನ್ನು ಕೇಳಿದರು. ನೀರು, ಭುಜ, ಕೈ ಬದಲಾಯಿಸಿ ಎಂದದ್ದು, ಎಲ್ಲವನ್ನೂ ಹೇಳಿದೆ. ಬಂದ ಕೂಡಲೇ ಗೊತ್ತಾಗಿ ಕಳಿಸಿದ್ದರೆ ಉಳಿಯುತ್ತಿದ್ದಳಾ ಎಂದು ಕೇಳಿದೆ. ಉಳಿಯಬಹುದಿತ್ತು ಎಂದರು. ನನಗೆ ಸುಳ್ಳು ಹೇಳಲಿಲ್ಲ ಎಂದು ಈಗಲೂ ಅವರ ಮೇಲೆ ಗೌರವವಿದೆ. ತಾನೂ ಆ ಕೋಣೆಯಲ್ಲೇ ಇದ್ದೆ ಎಂದೂ ಅವರು ಸೇರಿಸಿದರು. ಅದು ನಿಜ. ಆದರೆ ಬಾಗಿಲಲ್ಲಿ ನಿಂತವಳು ನಾನು.

ರೋಜಿ ಸಿಸ್ಟರ್ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಸಿಟ್ಟು ಎಂದುಕೊಂಡಿದ್ದೆ. ಮೂರನೆಯ ದಿನ ಮಧ್ಯಾಹ್ನ ಊಟದ ಡಬ್ಬಿ ಎದುರಿಟ್ಟುಕೊಂಡು ಕೂತಿದ್ದಾಗ ಅವರೇ ಶುರು ಮಾಡಿದರು.

"ನಾನು ನಿಂಗೆ ಹೇಳಿಕೊಟ್ಟದ್ದು ಅರ್ಧ. ಕೂಗೋರು, ಸುಮ್ನಿರೋರು ಅಂತ ಎರಡೇ ಹೇಳಿದ್ದೆ. ಬೇರೆಯವರನ್ನ ನೋಡಿಕೊಳ್ತಾ ನಿಲ್ಲೋರು ಅಂತ ಇನ್ನೊಂದಿದೆ. ನಾನೂ ಅವಳ ಎದುರು ಎರಡು ಸಲ ಹಾದುಹೋದೆ, ಸುಧಾ."

ಅವರ ಕನ್ನಡಕದ ಹಿಂದೆ ಕಣ್ಣು ಒದ್ದೆಯಾದದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಆ ಚಳಿಗಾಲ ಹೇಗೆ ಕಳೆಯಿತೋ ಗೊತ್ತಿಲ್ಲ. ಮನೆಗೆ ಫೋನು ಮಾಡಿದರೆ ಅಮ್ಮ, "ದನಿ ಎಂತಕ್ಕೆ ಹಿಂಗಿದ್ದು? ಆರಾಮಿಲ್ಯನೆ?" ಎಂದು ಕೇಳುತ್ತಿದ್ದಳು. ಶೀತ ಎನ್ನುತ್ತಿದ್ದೆ. ಬಂದವರೆಲ್ಲರ ನಾಡಿ ಹಿಡಿಯತೊಡಗಿದೆ. ರೋಗಿಯದ್ದಷ್ಟೇ ಅಲ್ಲ, ಕರೆತಂದ ಗಂಡನದ್ದು, ಹೆಗಲು ಕೊಟ್ಟ ನೆರೆಯವರದ್ದು. ಕೆಲವರು ನಕ್ಕರು, ಕೆಲವರು ಬೈದರು. ಯುಗಾದಿಯ ಹೊತ್ತಿಗೆ ರಾಜೀನಾಮೆ ಬರೆದುಕೊಟ್ಟು ಸಿರಸಿಗೆ ಹೋದೆ. ಒಂದು ವರ್ಷ ಹೊರರೋಗಿಗಳ ಚೀಟಿ ಬರೆಯುವ ಮೇಜಿನಲ್ಲಿ ಕೂತೆ. ಮತ್ತೆ ತುರ್ತು ವಿಭಾಗಕ್ಕೆ ಮರಳಿದ್ದು ರೋಜಿ ಸಿಸ್ಟರ್ ಒತ್ತಾಯಕ್ಕೆ. ನೀನು ಓಡಿಹೋದರೆ ಆ ಪಾಠ ನಿನ್ನ ಜೊತೆಗೇ ಹೋಗುತ್ತದೆ, ಬೇರೆ ಯಾರಿಗೂ ಸಿಗುವುದಿಲ್ಲ ಎಂದು ಕಾಗದ ಬರೆದಿದ್ದರು. ಈಗ ನನ್ನ ಕೆಳಗೆ ಆರು ಮಂದಿ ಹುಡುಗಿಯರಿದ್ದಾರೆ. ನಡೆದಾಡುತ್ತ ಸಹಾಯ ಮಾಡುವವರ ಕೈಗೆ ಏನನ್ನಾದರೂ ಕೊಡುವ ಮೊದಲು ಆ ಕೈಯನ್ನು ಹಿಡಿದು ನೋಡಿ ಎಂದು ಅವರಿಗೆ ಹೇಳುತ್ತೇನೆ. ಯಾಕೆ ಎಂದು ಕೇಳಿದವರಿಗೆ ಮಾತ್ರ ನಾಗವೇಣಿಯ ಕತೆ ಹೇಳುತ್ತೇನೆ. ತುಳಸಿಯ ಕಾಲು ಕೂಡಿತು, ಸ್ವಲ್ಪ ಕುಂಟುತ್ತಾಳೆ. ದೇವಕ್ಕ ಇನ್ನೂ ನಾಲ್ಕು ವರ್ಷ ಬದುಕಿದ್ದಳಂತೆ.

ಆದರೆ ಯಲ್ಲಾಪುರ ಬಿಡುವ ಬಹಳ ಮೊದಲೇ, ನಾಗವೇಣಿ ಹೋಗಿ ಹದಿನೈದು ದಿನ ಕಳೆದ ಮೇಲೆ, ನಾನು ಒಬ್ಬಳೇ ನಂದೊಳ್ಳಿಗೆ ಹೋಗಿದ್ದೆ. ಯಾರೂ ಕಳಿಸಿರಲಿಲ್ಲ. ಹೋಗುವುದು ಬೇಡ, ಬೈದಾರು ಎಂದು ಆಯಾ ತಡೆದಿದ್ದಳು. ಬೈದರೆ ಒಳ್ಳೆಯದು ಎಂದೇ ನನಗೆ ಅನಿಸಿತ್ತು.

ಮನೆಯಲ್ಲಿ ಅವಳ ಅತ್ತೆಯೊಬ್ಬಳೇ ಇದ್ದಳು. ಆಸ್ಪತ್ರೆಯವಳು ಎಂದೊಡನೆ ಒಳಗೆ ಹೋಗಿ ನೀರು ಬೆಲ್ಲ ತಂದಿಟ್ಟು, ಮಗ ಗದ್ದೆಯಲ್ಲಿದ್ದಾನೆ ಎಂದಳು. ಮಕ್ಕಳಿಬ್ಬರೂ ಶಾಲೆಗೆ ಹೋಗಿದ್ದರು. ಗದ್ದೆ ದೂರವಿರಲಿಲ್ಲ. ಬದುವಿನ ಮೇಲೆ ನಿಂತು ನೋಡಿದರೆ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಬಗ್ಗಿ ಕೊಯ್ಯುತ್ತಿದ್ದರು. ಒಬ್ಬಳ ಹಣೆಗೆ ಇನ್ನೂ ನಮ್ಮ ಆಸ್ಪತ್ರೆಯ ಬ್ಯಾಂಡೇಜು. ಆ ವರ್ಷ ನಾಗವೇಣಿ ಅವರೆಲ್ಲರ ಗದ್ದೆಗೆ ಹೋಗಿ ದುಡಿದಿದ್ದಳು. ಅವರು ಅವಳ ಗದ್ದೆಗೆ ಬಂದಿದ್ದರು. ಮಾತಿಲ್ಲದೆ ಕೆಲಸ ನಡೆದಿತ್ತು. ಕತ್ತಿಯ ಸಪ್ಪಳ ಮಾತ್ರ.

ಅವಳ ಗಂಡ ಗಣಪತಿ ಹಿಂದಿನಿಂದ ಕೊಯ್ದ ಭತ್ತವನ್ನು ಒಟ್ಟುಮಾಡಿ ಸಿವುಡು ಕಟ್ಟುತ್ತಿದ್ದ. ತೆಳ್ಳಗಿನ ಮನುಷ್ಯ, ಹದಿನೈದು ದಿನದ ಗಡ್ಡ. ನಾನು ಯಾರೆಂದು ಹೇಳಿದೆ. ಅವನು ಕೈ ಒರೆಸಿಕೊಂಡು ಬದುವಿನ ಮೇಲೆ ಕೂತ, ನನಗೂ ಜಾಗ ತೋರಿಸಿದ. ನಾನು ನಿಂತೇ ಹೇಳಿದೆ. ನಿಮ್ಮ ಹೆಂಡತಿಗೂ ಪೆಟ್ಟಾಗಿತ್ತು, ನಾನು ನೋಡಲಿಲ್ಲ, ನೋಡಿದ್ದರೆ ಉಳಿಯಬಹುದಿತ್ತು ಎಂದೆ. ಅವನು ತಲೆಯೆತ್ತಲಿಲ್ಲ. ಒಂದು ಹುಲ್ಲಿನ ಕಡ್ಡಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದ. ನಾನು ಹೇಳಿ ಮುಗಿಸಿದ ಮೇಲೆ ಕೇಳಿದ.

"ಅಲ್ಲಿ ಎಂತ ಎಂತ ಮಾತಾಡಿದ್ಲು?"

ಏಕೆ ಕೇಳಿದನೆಂದು ನನಗೆ ತಕ್ಷಣ ತಿಳಿಯಲಿಲ್ಲ. ಅವನು ಮನೆಯಿಂದ ಹೊರಟವಳನ್ನು ಬೆಳಿಗ್ಗೆ ಏಳಕ್ಕೆ ನೋಡಿದವನು, ಆಮೇಲೆ ನೋಡಿದ್ದು ಹುಬ್ಬಳ್ಳಿಯಲ್ಲಿ, ಬಿಳಿ ಬಟ್ಟೆಯ ಕೆಳಗೆ. ನಡುವಿನ ಹೊತ್ತು ಅವನ ಪಾಲಿಗೆ ಇರಲಿಲ್ಲ. ಅದು ಇದ್ದದ್ದು ನನ್ನ ಹತ್ತಿರ.

ನಾನು ಕೂತೆ. ನೆನಪಿದ್ದದ್ದನ್ನೆಲ್ಲ ಹೇಳಿದೆ. ಎಂಟು ಜನಕ್ಕೆ ಪೆಟ್ಟಾಗಿದೆ ಎಂದು ಲೆಕ್ಕ ಕೊಟ್ಟದ್ದು. ತುಳಸಿಯ ಬಾಟಲಿ ಹಿಡಿದು ನಲವತ್ತು ನಿಮಿಷ ನಿಂತದ್ದು. ತುಳಸಿಗೆ ಜೋರಾಗಿ ಕೂಗು ಎಂದದ್ದು. ಅದಕ್ಕೆ ಅವನ ತುಟಿ ಅಲುಗಿತು, ಇನ್ನೊಮ್ಮೆ ಹೇಳಿ ಎಂದ, ಹೇಳಿದೆ. ನೀರು ಕೇಳಿದ್ದು.

"ಕೊಟ್ರಾ?"

"ಇಲ್ಲ."

ಅವನು ಗದ್ದೆಯ ಕಡೆ ನೋಡಿದ. ನಾನು ಮುಂದುವರಿಸಿದೆ. ಭುಜ ನೋಯುತ್ತದೆ ಎಂದದ್ದು. ಆಂಬುಲೆನ್ಸಿನಲ್ಲಿ ತುಳಸಿಯನ್ನು ವಿಚಾರಿಸಿದ್ದು. ಬಾಟಲಿ ಯಾರು ಹಿಡಿದುಕೊಂಡರು ಎಂದು ಕೇಳಿದ್ದು.

"ಮತ್ತೆ?" ಎಂದ.

ನಾನು ಹುಡುಕಿದೆ. ಆ ಕೋಣೆಯಲ್ಲಿ ನನ್ನ ಬೆನ್ನ ಹಿಂದೆ ಎಡೆಬಿಡದೆ ಕೇಳಿಸುತ್ತಿದ್ದ ಆ ದನಿಯನ್ನು ನೆನಪು ಮಾಡಿಕೊಂಡೆ. ದನಿ ನೆನಪಿತ್ತು. ಬೇರೆ ಮಾತು ಒಂದೂ ನೆನಪಿರಲಿಲ್ಲ.

"ಇಷ್ಟೇ," ಎಂದೆ.

ಅವನು ನಂಬದವನ ಹಾಗೆ ನನ್ನನ್ನೇ ನೋಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ನಲವತ್ತು ನಿಮಿಷ ಅಲ್ಲಿದ್ಲು ಅಂದ್ರಿ. ಅಷ್ಟೊತ್ತು ಸುಮ್ನಿರೋಳೇ ಅಲ್ಲ ಅವ್ಳು."

ಗದ್ದೆಯಲ್ಲಿ ಹೆಂಗಸರು ಒಂದು ಸಾಲು ಮುಗಿಸಿ ಸೊಂಟ ನೆಟ್ಟಗೆ ಮಾಡಿ ನಿಂತರು. ಅವನು ಇನ್ನೂ ಸ್ವಲ್ಪ ಹೊತ್ತು ಕಾದ. ಆಮೇಲೆ ಎದ್ದು ಸಿವುಡು ಕಟ್ಟಲು ಹೋದ.